ಗಾಯಗೊಂಡ ಕಾರ್ಮಿಕರಿಗೆ ಸಕಾಲದಲ್ಲಿ ಪರಿಹಾರ: ಕಾಯ್ದೆ ತಿದ್ದುವುದು ಹೇಗೆ?

ಕಾರ್ಮಿಕರ ಪರಿಹಾರ ಕಾಯ್ದೆಯ ತಿದ್ದುಪಡಿ ಎಂದೊಡನೆ ಚರ್ಚೆಯೆಲ್ಲ ಮೊತ್ತದ ಸುತ್ತಲೇ ಸುತ್ತುತ್ತದೆ. ಮೊತ್ತ ಮುಖ್ಯವೇ. ಆದರೆ ಕೈ ಮುರಿದುಕೊಂಡು ಮನೆಯಲ್ಲಿ ಕುಳಿತವರನ್ನು ಮೊದಲು ಹಣ್ಣು ಮಾಡುವುದು ಕಾಯುವಿಕೆ. ಬಾಡಿಗೆಯೂ ಔಷಧಿಯ ಖರ್ಚೂ ಕಡತ ಮುಂದೆ ಸರಿಯಲೆಂದು ನಿಲ್ಲುವುದಿಲ್ಲ. ಹಾಗಾಗಿ ಸುಧಾರಣೆಗೆ ಹೊರಟ ಸಂಘಟನೆಗಳೂ ಶಾಸಕರೂ ವಿಳಂಬದಿಂದಲೇ ಆರಂಭಿಸಬೇಕು.

ಮೊದಲಿಗೆ, ಇತ್ಯರ್ಥವಾದ ಅರ್ಜಿಗಳನ್ನು ತೆರೆದು ನಾಲ್ಕು ದಿನಾಂಕಗಳನ್ನು ಬರೆದುಕೊಳ್ಳಿ: ಅಪಘಾತವಾದ ದಿನ, ಮಾಲೀಕರು ವರದಿ ಸಲ್ಲಿಸಿದ ದಿನ, ವೈದ್ಯರ ಪ್ರಮಾಣಪತ್ರ ಬಂದ ದಿನ, ಮೊದಲ ಹಣ ಕೈಸೇರಿದ ದಿನ. ಎಲ್ಲಿ ಅಂತರ ಹಿಗ್ಗಿದೆಯೋ ಅಲ್ಲಿ ಕಾಯ್ದೆ ಸೋರುತ್ತಿದೆ. ಅರ್ಧದಲ್ಲೇ ಸೋತು ಅರ್ಜಿ ಕೈಬಿಟ್ಟವರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿ. ಅವರ ಕಷ್ಟ ಕಡತದಲ್ಲಿ ಇರುವುದಿಲ್ಲ.

ಎರಡನೆಯದಾಗಿ, ತಪ್ಪು ಯಾರದು ಎಂಬ ಪ್ರಶ್ನೆಯನ್ನು ಪರಿಹಾರದಿಂದ ಬಿಡಿಸಿ. 19ನೇ ಶತಮಾನದ ಬ್ರಿಟನ್‌ನಲ್ಲಿ ಗಾಯಾಳು ನ್ಯಾಯಾಲಯಕ್ಕೆ ಹೋದರೆ ಮಾಲೀಕನ ಬಳಿ ಮೂರು ವಾದಗಳು ಸಿದ್ಧವಿದ್ದವು: ಅಪಾಯ ತಿಳಿದೇ ಕೆಲಸಕ್ಕೆ ಬಂದಿದ್ದಾನೆ, ಅವನದೂ ಅಜಾಗರೂಕತೆ ಇದೆ, ತಪ್ಪು ಸಹೋದ್ಯೋಗಿಯದು. ಜರ್ಮನಿ 1884ರಲ್ಲಿ ಅಪಘಾತ ವಿಮೆಯ ಕಾಯ್ದೆ ತಂದು ವೆಚ್ಚವನ್ನು ಮಾಲೀಕರ ಸಂಘಗಳಿಗೆ ವಹಿಸಿತು. 1897ರಲ್ಲಿ ಬ್ರಿಟನ್ ಕೂಡ ಕೆಲವು ಅಪಾಯಕಾರಿ ಉದ್ಯಮಗಳಲ್ಲಿ ಮಾಲೀಕನ ತಪ್ಪನ್ನು ಸಾಬೀತುಪಡಿಸಬೇಕೆಂಬ ಷರತ್ತನ್ನು ಕೈಬಿಟ್ಟಿತು. ಆದರೆ ವಿಮೆ ಕಡ್ಡಾಯವಿರಲಿಲ್ಲ. ಮಾಲೀಕ ದಿವಾಳಿಯಾದರೆ ಗಾಯಾಳುವಿನ ಗತಿಯೂ ಅದೇ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನ್ಯಾಯಾಧೀಶ ವಿಲಿಯಂ ಮೆರೆಡಿತ್ 1913ರ ವರದಿಯಲ್ಲಿ ಇದಕ್ಕೆ ದಾರಿ ತೋರಿದರು: ಮಾಲೀಕರು ಸಾಮೂಹಿಕ ನಿಧಿಗೆ ವಂತಿಗೆ ಕಟ್ಟಲಿ, ಸ್ವತಂತ್ರ ಮಂಡಳಿ ಪರಿಹಾರ ಕೊಡಲಿ, ಕಾರ್ಮಿಕರು ಮೊಕದ್ದಮೆ ಹೂಡುವ ಹಕ್ಕನ್ನು ಬಿಟ್ಟುಕೊಡಲಿ. ಈ ಕೊಡುಕೊಳ್ಳುವಿಕೆಯನ್ನು ಮರೆಯಬಾರದು. ಕಾರ್ಮಿಕರು ಹಕ್ಕು ಬಿಟ್ಟದ್ದು ಬೇಗ ಮತ್ತು ಖಚಿತವಾಗಿ ಹಣ ಸಿಗುತ್ತದೆಂಬ ಭರವಸೆಯ ಮೇಲೆ. ತಡಮಾಡುವ ಮಂಡಳಿ ಆ ಒಪ್ಪಂದವನ್ನೇ ಮುರಿಯುತ್ತಿದೆ.

ಮೂರನೆಯದಾಗಿ, ತನಿಖೆ ನಡೆಯುತ್ತಿರುವಾಗಲೇ ಮಧ್ಯಂತರ ಪಾವತಿ ಆರಂಭವಾಗಬೇಕು. ಗಡುವಿನೊಳಗೆ ತೀರ್ಮಾನವಾಗದಿದ್ದರೆ ಅರ್ಜಿ ಅಂಗೀಕಾರವಾದಂತೆ ಎಂದು ಸ್ಪಷ್ಟವಾಗಿ ಬರೆಸಿ. ದರಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1964ರ 121ನೇ ಒಡಂಬಡಿಕೆ ಆಧಾರವಾಗಬಲ್ಲದು. ಪತ್ನಿ ಮತ್ತು ಇಬ್ಬರು ಮಕ್ಕಳಿರುವ ಕಾರ್ಮಿಕ ತಾತ್ಕಾಲಿಕವಾಗಿ ದುಡಿಯಲಾಗದಿದ್ದಾಗ ಗಳಿಕೆಯ ಶೇ 60ರಷ್ಟನ್ನು ಅದು ಕನಿಷ್ಠ ಮಟ್ಟವೆಂದು ಇಡುತ್ತದೆ. ದೀರ್ಘಾವಧಿ ಮಾಸಾಶನವನ್ನು ಬೆಲೆ ಏರಿಕೆಗೆ ಜೋಡಿಸದಿದ್ದರೆ ವರ್ಷದಿಂದ ವರ್ಷಕ್ಕೆ ಅದು ಸವೆಯುತ್ತದೆ.

ನಾಲ್ಕನೆಯದು ಕಾಯಿಲೆಗಳ ಮಾತು. ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಬರುವ ಮೆಸೊಥೆಲಿಯೊಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯಬಹುದು. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಹಾಜರಿ ಪುಸ್ತಕ ಕಳೆದಿರುತ್ತದೆ. ಇಂಥವರಿಂದ ಸಾಕ್ಷ್ಯ ಕೇಳುವುದು ಅನ್ಯಾಯ. ಕಾಯ್ದೆಯ ಪಟ್ಟಿಯಲ್ಲಿರುವ ಕಾಯಿಲೆ, ಪಟ್ಟಿಯಲ್ಲಿರುವ ಕೆಲಸ ಎರಡೂ ಹೊಂದಿದರೆ ಸಂಬಂಧವಿದೆ ಎಂದೇ ಭಾವಿಸಿ, ಇಲ್ಲವೆಂದು ತೋರಿಸುವ ಹೊಣೆಯನ್ನು ಎದುರು ಪಕ್ಷಕ್ಕೆ ಬಿಡಿ. ಅರ್ಜಿಯ ಕಾಲಮಿತಿ ಕಾಯಿಲೆ ಪತ್ತೆಯಾದ ದಿನದಿಂದ ಎಣಿಕೆಯಾಗಲಿ. ಮನಸ್ಸಿನ ಗಾಯವನ್ನೂ ಸೇರಿಸಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ ಜಾಗವಿದೆ.

ಇನ್ನು ಕೆಲಸಕ್ಕೆ ಮರಳುವುದು. ಬೆರಳು ಕಳೆದುಕೊಂಡ ದರ್ಜಿಗೂ ಕಾವಲುಗಾರನಿಗೂ ಒಂದೇ ಶೇಕಡಾವಾರು ನಷ್ಟ ಹಾಕುವ ಕೋಷ್ಟಕ ಬದುಕನ್ನು ಅಳೆಯುವುದಿಲ್ಲ. ಕಳೆದುಹೋದ ಗಳಿಕೆಯ ಶಕ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಹೊಸ ಕೆಲಸದ ತರಬೇತಿ, ಹಗುರ ಕೆಲಸಕ್ಕೆ ಮರುನಿಯೋಜನೆ ಮಾಲೀಕರ ಔದಾರ್ಯವಾಗದೆ ಕಾಯ್ದೆಯ ಕಟ್ಟಳೆಯಾಗಲಿ.

ಗುತ್ತಿಗೆ ಕಾರ್ಮಿಕರು, ವಲಸಿಗರು, ಮನೆಗೆಲಸದವರು ವ್ಯಾಪ್ತಿಯೊಳಗಿರಬೇಕು. ಅರ್ಜಿ ಹಾಕಿದ ಕಾರಣಕ್ಕೆ ಕೆಲಸದಿಂದ ತೆಗೆದರೆ ದಂಡವಿರಬೇಕು.

ಕರಡಿನ ಕೊನೆಗೆ ಇನ್ನೊಂದು ಕಲಂ ಸೇರಿಸಿ: ಆರಂಭದಲ್ಲಿ ಬರೆದುಕೊಂಡ ಆ ನಾಲ್ಕು ದಿನಾಂಕಗಳ ನಡುವಿನ ಅಂತರವನ್ನು ಮಂಡಳಿ ಪ್ರತಿವರ್ಷ ಸಾರ್ವಜನಿಕವಾಗಿ ಪ್ರಕಟಿಸತಕ್ಕದ್ದು.