ಕರುಳಿನ ಸಮ್ಮೋಹನಕ್ಕೆ ಮಂಡ್ಯದ ನಾಲೆ: ನನ್ನ ಅನುಭವ

ಐಬಿಎಸ್ (ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮರುಕಳಿಸುವ ಕರುಳಿನ ತೊಂದರೆ) ರೋಗಿಗಳಿಗೆ ಸಮ್ಮೋಹನ ಚಿಕಿತ್ಸೆ ಆರಂಭಿಸುತ್ತೇನೆಂದು ಹೇಳಿದಾಗ, ಮೈಸೂರಿನ ಪರಿಚಿತ ಜೀರ್ಣಾಂಗ ತಜ್ಞರೊಬ್ಬರು, ಇಂಗ್ಲೆಂಡಿನಲ್ಲಿ ನಡೆದದ್ದು ಮಂಡ್ಯದ ರೈತರಲ್ಲಿ ನಡೆಯದೆಂದು ಖಂಡಿತವಾಗಿ ನುಡಿದಿದ್ದರು. ಈಗ ತಿಂಗಳಿಗೆ ಮೂರು ನಾಲ್ಕು ಮಂದಿಯನ್ನು ಅವರೇ ನನ್ನಲ್ಲಿಗೆ ಕಳುಹಿಸುತ್ತಿದ್ದಾರೆ.

1984ರಲ್ಲಿ ಮ್ಯಾಂಚೆಸ್ಟರಿನ ವೈದ್ಯ ಪೀಟರ್ ವೋರ್ವೆಲ್ ಅವರ ತಂಡವು ಔಷಧಿಗೆ ಬಗ್ಗದ 30 ಐಬಿಎಸ್ ರೋಗಿಗಳಲ್ಲಿ ನಡೆಸಿದ ಸಮ್ಮೋಹನ ಪ್ರಯೋಗ ನಮ್ಮ ವೃತ್ತಿಯವರಿಗೆ ಗೊತ್ತಿರುವುದೇ. ಹೊಟ್ಟೆಯ ಮೇಲಿಟ್ಟ ಕೈಯ ಬಿಸುಪು, ಶಾಂತವಾಗಿ ಹರಿಯುವ ನದಿ, ಇವೆರಡನ್ನೇ ನಾನೂ ಮೊದಲು ಕನ್ನಡದಲ್ಲಿ ಹೇಳಿಕೊಟ್ಟೆ. ರೋಗಿಗಳ ಮೈ ಸಡಿಲವಾಗುತ್ತಿತ್ತು, ಉಸಿರು ನಿಧಾನವಾಗುತ್ತಿತ್ತು, ಆದರೆ ಹೊಟ್ಟೆನೋವು ಮಾತ್ರ ಕದಲುತ್ತಿರಲಿಲ್ಲ. ಮೂರನೆಯ ಭೇಟಿಯ ಹೊತ್ತಿಗೆ ಅರ್ಧದಷ್ಟು ಮಂದಿ ಬರುವುದನ್ನೇ ಬಿಡುತ್ತಿದ್ದರು. ದೇವರಾಜ ಅರಸು ರಸ್ತೆಯ ಸಮೀಪದ ಕೊಠಡಿಯ ಮುಂಗಡ, ಹಾರ್ನ್ ಸದ್ದು ತಡೆಯಲು ಕಿಟಕಿಗೆ ಹಾಕಿಸಿದ ಜೋಡಿ ಗಾಜು, ಒರಗು ಕುರ್ಚಿ, ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು ಖರ್ಚಾಗಿತ್ತು. ಆ ವರ್ಷ ಅದರ ಅರ್ಧವೂ ಹಿಂದಿರುಗಲಿಲ್ಲ.

ದಾರಿ ತೋರಿದವರು ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರೊಬ್ಬರು. “ಹೊಳೆ ನಮ್ ಮಾತ್ ಕೇಳಕಿಲ್ಲ ಸಾ, ತೂಬಾದ್ರೆ ಕೇಳ್ತದೆ” ಎಂದರು. ಅಂದಿನಿಂದ ನದಿಯ ಬದಲು ವಿಶ್ವೇಶ್ವರಯ್ಯ ನಾಲೆಯ ನೀರನ್ನೇ ಕಲ್ಪಿಸಿಕೊಳ್ಳಲು ಹೇಳುತ್ತಿದ್ದೇನೆ. ಆ ಕಲ್ಪನೆಯಲ್ಲಿ ಭೇದಿ ಹೆಚ್ಚಿರುವವರು ತಾವೇ ನೀರುಗಂಟಿಯಾಗಿ (ಹೊಲಗಳಿಗೆ ನೀರು ಬಿಡುವವರಾಗಿ) ತೂಬನ್ನು ಬೆರಳಗಲ ಇಳಿಸುತ್ತಾರೆ, ಮಲಬದ್ಧತೆಯವರು ಎತ್ತುತ್ತಾರೆ, ಹೊಟ್ಟೆಯುಬ್ಬರದವರು ಕಾಲುವೆಯ ಕಳೆ ಕೀಳುತ್ತಾರೆ. ತೂಬಿನ ಮೇಲೆ ಕೈಯಿಡುವ ಕ್ಷಣಕ್ಕೆ ಉಸಿರನ್ನು ಹೇಗೆ ಜೋಡಿಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು ವರ್ಷಗಟ್ಟಲೆ ದುಡಿದು ಪಡೆದದ್ದು.

ಮನೆಯಲ್ಲಿ ದಿನವೂ ಕೇಳಲು ಕಾಲು ಗಂಟೆಯ ಧ್ವನಿಮುದ್ರಣವನ್ನು ಫೋನಿಗೆ ಹಾಕಿಕೊಡುತ್ತೇನೆ. ಒಮ್ಮೆ ಅದರ ಹಿಂದೆ ತಂಬೂರಿ ನಾದ ಸೇರಿಸಿ ನೋಡಿದೆ; ಮೈಸೂರಿನ ಸಂಗೀತ ಬಲ್ಲವರ ಗಮನವೆಲ್ಲ ಶ್ರುತಿಯ ಕಡೆಗೇ ಹೋದುದರಿಂದ ತೆಗೆದುಹಾಕಿದೆ. ಒಳಗಣ್ಣಿಗೆ ಚಿತ್ರವೇ ಮೂಡದವರಿಗೆ ಕೈಯ ಬಿಸುಪೊಂದೇ ಸಾಕಾಗುತ್ತದೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ ಕಂಡರೆ ತಜ್ಞರ ಪರೀಕ್ಷೆ ಮುಗಿಯುವವರೆಗೆ ನಾನು ಯಾರನ್ನೂ ಕುರ್ಚಿಯಲ್ಲಿ ಒರಗಿಸುವುದಿಲ್ಲ. ಉಳಿದವರಿಗೆ ಏಳೆಂಟು ಭೇಟಿ, ಭೇಟಿಗೆ ಎಂಟುನೂರು ರೂಪಾಯಿಯ ಸುಮಾರು. ಹತ್ತರಲ್ಲಿ ಆರು ಮಂದಿಯಾದರೂ ನೋವು ಅರ್ಧಕ್ಕಿಂತ ಹೆಚ್ಚು ಇಳಿಯಿತೆನ್ನುತ್ತಾರೆ; ನದಿಯ ದಿನಗಳಲ್ಲಿ ಹಾಗೆ ಹೇಳುತ್ತಿದ್ದವರು ಇಬ್ಬರು. ನಾಲೆಯ ನೀರು ಮುಟ್ಟದ ನಾಗಮಂಗಲದ ಹಳ್ಳಿಗಳವರಿಗಾಗಿ ಈಚೆಗೆ ಕೆರೆಯ ತೂಬನ್ನು ಬಳಸತೊಡಗಿದ್ದೇನೆ. ಬಂದವರು ಇನ್ನೂ ಕೆಲವರೇ ಆದರೂ, ಮೂರನೆಯ ಭೇಟಿಗೆ ಯಾರೂ ತಪ್ಪಿಸಿಕೊಂಡಿಲ್ಲ.