ಕೀಬೋರ್ಡ್‌ನ ಕೀ ಅಂಟಿಕೊಂಡಿದೆಯಾ? ಬಿಚ್ಚುವ ಮೊದಲು ಇಷ್ಟು ಮಾಡಿ ನೋಡಿ

‘ಅಮ್ಮ’ ಅಂತ ಟೈಪ್ ಮಾಡಿದರೆ ‘ಅಮಮ’ ಅಂತ ಬರುತ್ತಿತ್ತು. ಅಳಿಸಿ ಮತ್ತೆ ಹೊಡೆದರೂ ಅದೇ. ನುಡಿಯಲ್ಲಿ, ಅಂದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬರೆಯುವವರಿಗೆ ಇದೇನೆಂದು ಕೂಡಲೇ ಗೊತ್ತಾಗುತ್ತದೆ. ಒತ್ತಕ್ಷರ ಬೇಕಾದರೆ ಎರಡು ಅಕ್ಷರಗಳ ನಡುವೆ ಎಫ್ ಕೀ ಒತ್ತಬೇಕು. ದಿನವಿಡೀ ಕನ್ನಡ ಹೊಡೆಯುವವರ ಕೀಬೋರ್ಡ್‌ನಲ್ಲಿ ಆ ಕೀಗೆ ಪುರುಸೊತ್ತೇ ಇಲ್ಲ. ನನ್ನ ಎಫ್ ಒತ್ತಿದರೆ ಅರ್ಧದಲ್ಲಿ ನಿಲ್ಲುತ್ತಿತ್ತು, ಬಿಟ್ಟರೆ ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ಮೇಲೆ ಬರುತ್ತಿತ್ತು. ಕೀಯ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಅಂದರೆ ಕ್ಯಾಪ್ ಎತ್ತಿ ನೋಡಿದೆ. ಯಾವತ್ತೋ ಚೆಲ್ಲಿದ ಚಹಾದ ಸಕ್ಕರೆ ಕಂದು ಬಳೆಯ ಹಾಗೆ ಸುತ್ತಲೂ ಗಟ್ಟಿಯಾಗಿ ಕೂತಿತ್ತು. ಅದಕ್ಕೆ ಅಂಟಿಕೊಂಡು ಒಂದು ಕೂದಲು, ಮಿಕ್ಸ್ಚರ್‌ನ ಒಂದು ಪುಟ್ಟ ಚೂರು.

ಸರಿ ಮಾಡಲು ಅರ್ಧ ಗಂಟೆ ಸಾಕಾಯಿತು. ಹೆಚ್ಚಿನ ಕೀಗಳ ಕಥೆ ಹೀಗೇ ಇರುತ್ತದೆ, ಆದರೆ ಜನ ಒಂದೋ ಕೀಬೋರ್ಡನ್ನೇ ಬಿಸಾಡುತ್ತಾರೆ, ಇಲ್ಲವೇ ಮೊದಲ ದಿನವೇ ಸ್ಕ್ರೂಡ್ರೈವರ್ ಹಾಕಿ ಎಬ್ಬಿ ಒಳಗಿನ ಕೊಂಡಿ ಮುರಿದುಕೊಳ್ಳುತ್ತಾರೆ. ಎರಡೂ ಬೇಡ.

ತೊಂದರೆ ಕೀಯದ್ದೋ, ಸೆಟ್ಟಿಂಗ್‌ನದ್ದೋ?

ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು ಒಂದರ ಹಿಂದೆ ಒಂದು 5 ಸಲ ಒತ್ತಿದರೆ ‘ಸ್ಟಿಕ್ಕಿ ಕೀಸ್’ ಆನ್ ಮಾಡಬೇಕಾ ಅಂತ ಕೇಳುತ್ತದೆ. ಎರಡು ಕೀಗಳನ್ನು ಒಟ್ಟಿಗೆ ಹಿಡಿಯಲು ಆಗದವರಿಗಾಗಿ ಮಾಡಿರುವ ಒಳ್ಳೆಯ ಸೌಲಭ್ಯ ಅದು. ಗೊತ್ತಿಲ್ಲದೆ ‘ಯೆಸ್’ (ಹೌದು) ಒತ್ತಿಬಿಟ್ಟಿದ್ದರೆ ಮಾತ್ರ, ಶಿಫ್ಟ್ ಮುಟ್ಟಿ ಬಿಟ್ಟರೂ ಹಿಡಿದುಕೊಂಡೇ ಇರುವ ಹಾಗೆ ಕೆಲಸ ಮಾಡುತ್ತದೆ. ಕನ್ನಡದಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ: ‘ನ’ ಹೊಡೆದರೆ ‘ಣ’, ‘ಲ’ ಹೊಡೆದರೆ ‘ಳ’. ಬಲಗಡೆಯ ಶಿಫ್ಟನ್ನು 8 ಸೆಕೆಂಡ್ ಒತ್ತಿ ಹಿಡಿದರೆ ಬರುವುದು ‘ಫಿಲ್ಟರ್ ಕೀಸ್’. ಅದು ಆನ್ ಆಗಿದ್ದರೆ ಬೇಗ ಬೇಗ ಒತ್ತಿದ ಕೀಗಳನ್ನು ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಮಗೆ ಕೀ ಸತ್ತೇ ಹೋಯಿತು ಅನಿಸುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್ ಅಂತ ಹೋದರೆ ಎರಡೂ ಒಂದೇ ಕಡೆ ಸಿಗುತ್ತವೆ. ಬೇಡವಾದರೆ ಆಫ್ ಮಾಡಿ.

ಆಮೇಲೆ ಬೇರೆ ಕೀಬೋರ್ಡ್ ಒಂದನ್ನು ಚುಚ್ಚಿ ನೋಡಿ. ಲ್ಯಾಪ್‌ಟಾಪ್‌ಗೂ ಯುಎಸ್‌ಬಿ ಕೀಬೋರ್ಡ್ ಹಾಕಬಹುದು. ಅದರಲ್ಲೂ ಅದೇ ತೊಂದರೆ ಬಂದರೆ ಕೊಳೆ ಕಾರಣ ಅಲ್ಲ, ಸುಮ್ನೆ ಉಜ್ಜುತ್ತಾ ಕೂರಬೇಡಿ.

ಒಳಗೆ ಏನಿದೆ ಅಂತ ತಿಳಿದಿರಲಿ

ಮಾಮೂಲಿ ಕೀಬೋರ್ಡ್‌ನಲ್ಲಿ ಪ್ರತಿ ಕೀಯ ಕೆಳಗೆ ರಬ್ಬರಿನ ಒಂದು ಸಣ್ಣ ಗುಮ್ಮಟ ಇರುತ್ತದೆ. ಅದರ ಕೆಳಗೆ ತೆಳ್ಳನೆಯ ಮೂರು ಪ್ಲಾಸ್ಟಿಕ್ ಹಾಳೆಗಳು. ಕೀ ಒತ್ತಿದಾಗ ಗುಮ್ಮಟ ಕುಸಿದು, ಮೇಲಿನ ಹಾಳೆಯಲ್ಲಿ ವಿದ್ಯುತ್ ಹರಿಯುವ ಗೆರೆ ನಡುವಿನ ಹಾಳೆಯ ತೂತಿನ ಮೂಲಕ ಕೆಳಗಿನ ಹಾಳೆಯ ಗೆರೆಗೆ ತಾಗುತ್ತದೆ. ಅಕ್ಷರ ಮೂಡುವುದು ಹಾಗೆ. ಬೆರಳು ತೆಗೆದ ಕೂಡಲೇ ರಬ್ಬರ್ ಕೀಯನ್ನು ಮೇಲಕ್ಕೆ ತಳ್ಳುತ್ತದೆ. ಕ್ಯಾಪ್‌ನ ಕಾಲು ಜಾರುವ ದಾರಿ ಬಹಳ ಕಿರಿದು, ಅಲ್ಲಿ ಸಕ್ಕರೆ ಅಂಟಿದರೆ ಪಾಪ ಆ ರಬ್ಬರಿಗೆ ತಳ್ಳಲು ಶಕ್ತಿ ಸಾಲುವುದಿಲ್ಲ.

ಹಾಗಾಗಿ ಕೀ ಮೇಲೆ ಬರಲು ಒದ್ದಾಡುತ್ತಿದ್ದರೆ ಸಾಮಾನ್ಯವಾಗಿ ದಾರಿಯಲ್ಲಿ ಕೊಳೆ ಇದೆ ಅಂತ, ಅದು ನಿಮ್ಮ ಕೈಯಲ್ಲೇ ಸರಿಯಾಗುತ್ತದೆ. ಸಲೀಸಾಗಿ ಕೆಳಗೆ ಹೋಗಿ ಮೇಲೆ ಬಂದರೂ ಅಕ್ಷರ ಮೂಡದಿದ್ದರೆ ಹಾಳೆಗಳಲ್ಲಿ ತೊಂದರೆ ಇರುವ ಸಾಧ್ಯತೆ ಜಾಸ್ತಿ. ಕೊಳೆ ತೆಗೆದರೆ ಅದು ಸರಿಯಾಗುವುದು ಕಷ್ಟ.

ಕೈ ಹಚ್ಚುವುದು

ಕಂಪ್ಯೂಟರ್ ಆಫ್ ಮಾಡಿ ಕೀಬೋರ್ಡ್‌ನ ವೈರ್ ಕಿತ್ತಿಡಿ. ವೈರ್ ಇಲ್ಲದ್ದಾದರೆ ಸೆಲ್ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಕೀಬೋರ್ಡನ್ನು ಬೋರಲು ಹಾಕಿ ಬೆನ್ನಿಗೆ ಮೆಲ್ಲಗೆ ತಟ್ಟಿ. ಕೆಳಗೆ ಹಳೆ ಪೇಪರ್ ಹಾಸಿಕೊಳ್ಳಿ, ಉದುರುವುದನ್ನು ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಆಮೇಲೆ ಒಣ ಟೂತ್‌ಬ್ರಷ್ ಅಥವಾ ಪೇಂಟಿಂಗ್ ಬ್ರಷ್‌ನಿಂದ ಸಂದಿಗಳನ್ನು ಗುಡಿಸಿ. ಗಾಳಿಯ ಕ್ಯಾನ್ ಇದ್ದರೆ ನೆಟ್ಟಗೆ ಹಿಡಿದು ಊದಿ, ಬಗ್ಗಿಸಿದರೆ ಒಳಗಿನ ದ್ರವ ಹೊರಗೆ ಚಿಮ್ಮುತ್ತದೆ. ಇಲ್ಲದಿದ್ದರೆ ಸೈಕಲ್ ಪಂಪ್ ಆದರೂ ಆಗುತ್ತದೆ. ಬಾಯಲ್ಲಿ ಊದಬೇಡಿ, ಎಂಜಲು ಒಳಗೆ ಹೋಗುತ್ತದೆ.

ಇಷ್ಟಕ್ಕೆ ಬಿಡದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. 99 ಶೇಕಡಾದ್ದು ಸಿಕ್ಕಿದರೆ ಒಳ್ಳೆಯದು, 70ರದ್ದರಲ್ಲಿ ಉಳಿದದ್ದು ಹೆಚ್ಚುಕಡಿಮೆ ನೀರೇ, ಒಣಗಲು ಹೊತ್ತು ಹಿಡಿಯುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಇಯರ್ ಬಡ್ಸ್ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಕೀಯ ನಾಲ್ಕೂ ಬದಿಯಲ್ಲಿ ಒರೆಸಿ. ನಂತರ ಆ ಕೀಯನ್ನು 20–30 ಸಲ ಒತ್ತಿ ಬಿಡಿ. ಮೊದಲು ಬಿಗಿಯಾಗಿರುತ್ತದೆ, ಒತ್ತುತ್ತಾ ಒತ್ತುತ್ತಾ ಅಂಟು ಬಿಟ್ಟು ಹಗುರಾಗುವುದು ಬೆರಳಿಗೇ ತಿಳಿಯುತ್ತದೆ. ಅಗ್ಗದ ಕೀಬೋರ್ಡ್‌ಗಳಲ್ಲಿ ಮೇಲಿನ ಅಕ್ಷರವೇ ಅಳಿಸಿಹೋಗಬಹುದು, ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿಕೊಂಡು ಮುಂದುವರಿಯಿರಿ.

ಸ್ಯಾನಿಟೈಸರ್ ಜೆಲ್ ಹಾಕಬೇಡಿ, ಅದೇ ಇನ್ನೊಂದು ಅಂಟಾಗುತ್ತದೆ. ನೇಲ್ ಪಾಲಿಶ್ ರಿಮೂವರ್‌ನ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಹೊಲಿಗೆ ಮಿಷನ್ ಎಣ್ಣೆ ಬಿಟ್ಟರೆ ಅವತ್ತು ಮಾತ್ರ ನುಣುಪು, ಆಮೇಲೆ ಧೂಳೆಲ್ಲ ಅದಕ್ಕೇ ಹಿಡಿಯುತ್ತದೆ.

ಕ್ಯಾಪ್ ತೆಗೆಯಲೇಬೇಕಾದರೆ

ಮೊದಲು ಮೊಬೈಲ್‌ನಲ್ಲಿ ಕೀಬೋರ್ಡ್‌ನ ಫೋಟೊ ತೆಗೆದುಕೊಳ್ಳಿ. ಹತ್ತು ಕೀ ಎಬ್ಬಿದ ಮೇಲೆ ಯಾವುದು ಎಲ್ಲಿತ್ತು ಅಂತ ನೆನಪಿರುವುದಿಲ್ಲ. ಡೆಸ್ಕ್‌ಟಾಪ್ ಕೀಬೋರ್ಡ್ ಆದರೆ ಹಳೆ ಎಟಿಎಂ ಕಾರ್ಡನ್ನು ಕ್ಯಾಪ್‌ನ ಒಂದು ಅಂಚಿಗೆ ತೂರಿಸಿ ಮೇಲಕ್ಕೆ ಎತ್ತಿ, ಆಮೇಲೆ ಎದುರಿನ ಅಂಚು. ಟಪ್ ಅಂತ ಬರುತ್ತದೆ. ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್‌ಗೆ ಕೀಕ್ಯಾಪ್ ಪುಲ್ಲರ್ ಅಂತ ತಂತಿಯ ಇಕ್ಕಳ ಸಿಗುತ್ತದೆ, ನೇರವಾಗಿ ಮೇಲೆ ಎಳೆದರೆ ಸಾಕು. ಸ್ಪೇಸ್, ಎಂಟರ್, ಶಿಫ್ಟ್‌ನಂಥ ಉದ್ದ ಕೀಗಳನ್ನು ಆದಷ್ಟು ಮುಟ್ಟಬೇಡಿ. ಅವುಗಳ ಕೆಳಗೆ ಲೋಹದ ತಂತಿ ಇರುತ್ತದೆ, ವಾಪಸ್ ಕೂರಿಸುವುದು ತಲೆನೋವು.

ತೆಗೆದ ಕ್ಯಾಪ್‌ಗಳನ್ನು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಇಡೀ ದಿನ ಒಣಗಲು ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಎರಡು ದಿನ ಇರಲಿ. ಅಷ್ಟರಲ್ಲಿ ಅವಸರದ ಕೆಲಸ ಬಂದರೆ ಲ್ಯಾಪ್‌ಟಾಪ್‌ನಲ್ಲೇ ಇನ್ನೊಂದು ದಾರಿ ಇದೆ: ಕಂಟ್ರೋಲ್, ವಿಂಡೋಸ್, ಒ ಮೂರನ್ನೂ ಒಟ್ಟಿಗೆ ಒತ್ತಿದರೆ ತೆರೆಯ ಮೇಲೆ ಕೀಬೋರ್ಡ್ ಬರುತ್ತದೆ, ಮೌಸ್‌ನಲ್ಲಿ ಒತ್ತಿ ಬರೆಯಬಹುದು.

ಲ್ಯಾಪ್‌ಟಾಪ್‌ನ ಕ್ಯಾಪ್ ವಿಷಯದಲ್ಲಿ ನನ್ನ ಮಾತು ಬೇರೆ. ಅಲ್ಲಿ ಕತ್ತರಿಯ ಹಾಗೆ ಮಡಚುವ ಎರಡು ತೆಳು ತುಂಡುಗಳು ಕೀಯನ್ನು ಹಿಡಿದಿರುತ್ತವೆ. ಕೊಂಡಿ ಯಾವ ಬದಿಯಲ್ಲಿದೆ ಅನ್ನುವುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಮಾದರಿಯ ಕೀ ತೆಗೆಯುವ ವಿಡಿಯೊ ಒಮ್ಮೆ ನೋಡದೆ ಎಬ್ಬಬೇಡಿ. ವಾರಂಟಿ ಇದ್ದರಂತೂ ಸರ್ವೀಸ್ ಸೆಂಟರ್‌ಗೇ ಒಯ್ಯಿರಿ.

ಈಗಷ್ಟೇ ಚೆಲ್ಲಿದ್ದರೆ

ಒರೆಸುತ್ತಾ ನಿಲ್ಲಬೇಡಿ, ಮೊದಲು ವಿದ್ಯುತ್ ತಪ್ಪಿಸಿ. ಲ್ಯಾಪ್‌ಟಾಪ್ ಆದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ಕಿತ್ತು, ಗುಡಿಸಲಿನ ಮಾಡಿನ ಹಾಗೆ ಬಗ್ಗಿಸಿ ಬೋರಲಾಗಿ ನಿಲ್ಲಿಸಿ. ಹೇರ್ ಡ್ರೈಯರ್ ಬೇಡ. ಅಕ್ಕಿ ಡಬ್ಬಿಯೂ ಬೇಡ, ಅದರ ಹುಡಿ ಒಳಗೆ ಸೇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೀಬೋರ್ಡ್‌ನ ಕೆಳಗೇ ಮದರ್‌ಬೋರ್ಡ್ ಇರುವುದರಿಂದ, ಚೆಲ್ಲಿದ್ದು ಹಾಲು ಸಕ್ಕರೆ ಹಾಕಿದ ಕಾಫಿಯಾಗಿದ್ದರೆ ಒಣಗಿತು ಅಂತ ಆನ್ ಮಾಡದೆ ಬಿಚ್ಚಿ ಶುಚಿ ಮಾಡಿಸುವುದೇ ಸರಿ.

ಇಷ್ಟೆಲ್ಲ ಆದ ಮೇಲೂ ಕೀ ಏಳದಿದ್ದರೆ? ವೈರ್ ಇರುವ ಸಾದಾ ಕೀಬೋರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹೊಸದು ತನ್ನಿ. ಲ್ಯಾಪ್‌ಟಾಪ್‌ನದ್ದಾದರೆ ಬದಲಿಸಲು ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ಎಷ್ಟೋ ಮಾದರಿಗಳಲ್ಲಿ ಮೇಲಿನ ಹೊದಿಕೆಯನ್ನೂ ಸೇರಿಸಿ ಬದಲಿಸಬೇಕಾಗುತ್ತದೆ, ಬಿಲ್ ಏರುತ್ತದೆ. ಹಳೆ ಕೀಬೋರ್ಡ್ ಕಸಕ್ಕೆ ಹಾಕುವ ಮೊದಲು ಅದರ ಎಫ್, ಎ, ಶಿಫ್ಟ್ ಕ್ಯಾಪ್‌ಗಳನ್ನು ತೆಗೆದು ಒಂದು ಡಬ್ಬಿಯಲ್ಲಿಡಿ. ಅದೇ ಮಾದರಿಯದ್ದು ಮನೆಯಲ್ಲೋ ಆಫೀಸಿನಲ್ಲೋ ಇನ್ನೊಂದಿದ್ದರೆ ಕೆಲಸಕ್ಕೆ ಬರುತ್ತವೆ.