ಧಾರವಾಡಿಗರ ಊರಪ್ರೀತಿಯನ್ನು ದಾಖಲಿಸುವ ಬಗೆ

ಧಾರವಾಡವೆಂದರೆ ಪೇಢೆ, ಬೇಂದ್ರೆ, ಹಿಂದೂಸ್ತಾನಿ ಸಂಗೀತ ಎಂದು ಹೇಳಿ ಮುಗಿಸುವುದು ಸುಲಭ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಗೆಗೂ 1950ರಲ್ಲಿ ಆರಂಭವಾದ ಆಕಾಶವಾಣಿ ನಿಲಯದ ಬಗೆಗೂ ಬೇಕಾದಷ್ಟು ಬರಹ ಸಿಗುತ್ತದೆ. ಆದರೆ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಹೆಣ್ಣುಮಗಳಿಗೆ, ಮಾಳಮಡ್ಡಿಯ ನಿವೃತ್ತ ರೈಲ್ವೆ ನೌಕರರಿಗೆ, ಸಪ್ತಾಪುರದ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಈ ಊರು ಏಕೆ ಬೇಕು ಎಂಬುದು ಅವರ ಮಾತಿನಲ್ಲೇ ದಾಖಲಾಗಬೇಕು. ಆ ಕೆಲಸಕ್ಕೆ ಒಂದು ಮೊಬೈಲ್, ಒಂದು ನೋಟುಪುಸ್ತಕ ಮತ್ತು ಸಾಕಷ್ಟು ಬಿಡುವು ಇದ್ದರೆ ಸಾಕು.

ಮೊದಲು ವ್ಯಕ್ತಿಗಳ ಆಯ್ಕೆ. ಸಭೆಗಳಲ್ಲಿ ಮಾತನಾಡಿ ರೂಢಿಯಿರುವವರನ್ನು ಸದ್ಯಕ್ಕೆ ಬಿಡಿ. ಇಲ್ಲೇ ಹುಟ್ಟಿದವರ ಜೊತೆಗೆ ಮದುವೆಯಾಗಿ ಬಂದವರನ್ನು, ಓದಲು ಬಂದು ಉಳಿದವರನ್ನು, ಬೀದಿ ಗುಡಿಸುವ ಪೌರಕಾರ್ಮಿಕರನ್ನು ಸೇರಿಸಿಕೊಳ್ಳಿ. ಹುಬ್ಬಳ್ಳಿಯಲ್ಲಿ ನೌಕರಿ ಮಾಡಿ ಪ್ರತಿ ಸಂಜೆ ಚಿಗರಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ದೂರದ ಧಾರವಾಡಕ್ಕೆ ಮರಳುವವರನ್ನಂತೂ ತಪ್ಪದೇ ಮಾತನಾಡಿಸಿ. ಮನೆಯನ್ನು ಕೆಲಸದ ಹತ್ತಿರಕ್ಕೆ ಒಯ್ಯಬಹುದಾಗಿದ್ದರೂ ಒಯ್ಯದವರ ಬಳಿ ಗಟ್ಟಿಯಾದ ಕಾರಣವಿರುತ್ತದೆ.

ಇಡೀ ಕೆಲಸದ ಜೀವ ಇರುವುದು ಪ್ರಶ್ನೆಯಲ್ಲಿ. ‘ನಿಮಗೆ ಧಾರವಾಡ ಏಕೆ ಇಷ್ಟ?’ ಎಂದು ನೇರವಾಗಿ ಕೇಳಿದರೆ ‘ಹವಾ ಛಲೋ ಐತ್ರಿ, ಮಂದಿ ಛಲೋ ಅದಾರ್ರಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಂತರೆ ಯಾರ ಮಾತೂ ಯಾರದೂ ಆಗಬಹುದು. ಆದ್ದರಿಂದ ಪ್ರೀತಿಯನ್ನು ಕೇಳದೆ ದಿನಚರಿಯನ್ನು ಕೇಳಿ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಸೊಪ್ಪಿನ ಬುಟ್ಟಿಯನ್ನು ಎಲ್ಲಿ ಇಡುತ್ತೀರಿ, ಯಾರ ಅಂಗಡಿಯ ಕಟ್ಟೆಯ ಮೇಲೆ ನಿಲ್ಲುತ್ತೀರಿ, ಅವರು ಏನನ್ನುತ್ತಾರೆ ಎಂದು ಒಂದೊಂದಾಗಿ ಕೇಳುತ್ತ ಹೋದರೆ, ‘ಮಂದಿ ಛಲೋ’ ಎಂಬ ಮಾತಿನ ಹಿಂದಿರುವ ಆ ಒಬ್ಬ ಅಂಗಡಿಕಾರ, ಅವನು ಸರಿಸಿಕೊಟ್ಟ ಜಾಗ, ಹಂಚಿಕೊಂಡ ಚಹಾ ಎಲ್ಲವೂ ಹೊರಬರುತ್ತವೆ. ಪೇಢೆಯ ವಿಷಯವೂ ಹಾಗೆಯೇ. ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಸಕ್ಕರೆಪುಡಿಯಲ್ಲಿ ಹೊರಳಿಸಿದ ಅದರ ರುಚಿಯನ್ನು ವರ್ಣಿಸಲು ಹೇಳಬೇಡಿ. ಕಳೆದ ಸಲ ಲೈನ್ ಬಜಾರಿನಿಂದ ಯಾರಿಗಾಗಿ ಕಟ್ಟಿಸಿಕೊಂಡು ಹೋದಿರಿ ಎಂದು ಕೇಳಿ.

ಉತ್ತರ ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಅವಸರಪಟ್ಟರೆ, ನೆನಪಿನಿಂದ ಆಗತಾನೆ ಎದ್ದು ಬರುತ್ತಿದ್ದ ಮಾತು ಅಲ್ಲಿಗೇ ನಿಂತುಹೋಗುತ್ತದೆ.

ದೂರುಗಳನ್ನು ಬದಿಗಿಡಬೇಡಿ. ಹುಬ್ಬಳ್ಳಿ-ಧಾರವಾಡ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯಾಯಿತು. ಧಾರವಾಡಕ್ಕೆ ಸಲ್ಲಬೇಕಾದದ್ದು ಸಲ್ಲುತ್ತಿಲ್ಲವೆಂಬ ಬೇಸರವನ್ನು ಇಲ್ಲಿಯ ಜನ ಬಹುಕಾಲದಿಂದ ಹೇಳಿಕೊಂಡೇ ಬಂದಿದ್ದಾರೆ. ನೀರಿನ, ರಸ್ತೆಯ, ಕಡಿದುಹೋದ ಮರಗಳ ಬಗೆಗಿನ ಸಿಟ್ಟು ಊರನ್ನು ತನ್ನದೆಂದುಕೊಂಡವರ ಸಿಟ್ಟು. ನನ್ನ ಅಭಿಪ್ರಾಯದಲ್ಲಿ ಹೊಗಳಿಕೆಗಿಂತ ಹೆಚ್ಚು ಪ್ರೀತಿ ಅಲ್ಲಿಯೇ ಕಾಣುತ್ತದೆ.

ಧ್ವನಿಮುದ್ರಣಕ್ಕೆ ಮುಂಚೆ, ಮಾತನ್ನು ಎಲ್ಲಿ ಬಳಸುತ್ತೀರೆಂದು ತಿಳಿಸಿ ಒಪ್ಪಿಗೆ ಪಡೆಯಿರಿ. ಹೆಸರು ಬೇಡವೆಂದರೆ ಬಿಡಿ. ವ್ಯಾಪಾರದ ಹೊತ್ತು ತಪ್ಪಿಸಿ, ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು, ಗದ್ದಲಕ್ಕೆ ಬೆನ್ನುಮಾಡಿ ಕುಳಿತರೆ ಧ್ವನಿ ಸ್ಪಷ್ಟವಾಗಿ ಸಿಗುತ್ತದೆ. ದಿನಾಂಕ ಮತ್ತು ಸ್ಥಳವನ್ನು ಅಂದೇ ಬರೆದಿಡಿ.

ಬರೆಯುವಾಗ ಅವರ ನುಡಿಯನ್ನು ಗ್ರಾಂಥಿಕಕ್ಕೆ ತಿದ್ದಬೇಡಿ. ‘ಬಂದೇನ್ರಿ’ ಎಂದವರ ಬಾಯಲ್ಲಿ ‘ಬಂದಿದ್ದೇನೆ’ ಎಂದು ತುರುಕಿದರೆ ಅವರು ತಮ್ಮ ಮಾತನ್ನು ತಾವೇ ಗುರುತಿಸಲಾರರು. ನಿಮ್ಮ ವಿವರಣೆ ಶಿಷ್ಟ ಕನ್ನಡದಲ್ಲಿರಲಿ, ಅವರ ಉತ್ತರ ಅವರದೇ ಕನ್ನಡದಲ್ಲಿರಲಿ. ಅವರು ಹೇಳಿದ ಇಸವಿಗಳನ್ನೂ ಹೆಸರುಗಳನ್ನೂ ಬೇರೆಡೆ ಪರಿಶೀಲಿಸಿ. ಹೊಂದದಿದ್ದರೆ ಮಾತನ್ನು ಹಾಗೆಯೇ ಇಟ್ಟು, ಸರಿಯಾದುದನ್ನು ನಿಮ್ಮ ವಾಕ್ಯದಲ್ಲಿ ಸೇರಿಸಿ. ಪ್ರಕಟಿಸುವ ಮುನ್ನ ಬರಹವನ್ನು ಅವರೆದುರು ಗಟ್ಟಿಯಾಗಿ ಓದಿ, ಅವರು ಬೇಡವೆಂದ ಸಾಲನ್ನು ಅಲ್ಲಿಯೇ ಹೊಡೆದುಹಾಕಿ, ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿ.